ವೃದ್ಧಾಪ್ಯದಲ್ಲಿ ಸೊಂಟದ ಮೂಳೆ ಮುರಿತ: ಕಾರಣಗಳು, ಅಪಾಯದ ಅಂಶಗಳು

ಇಲ್ಲಿ ಮುರಿಯುವುದು ತೊಡೆಮೂಳೆಯ, ಅಂದರೆ ಫೀಮರ್‌ನ ಮೇಲ್ತುದಿ. ಬಹುತೇಕ ಪ್ರಕರಣಗಳಿಗೆ ಬೀಳುವುದೇ ಕಾರಣ, ಅದರಲ್ಲೂ ಪಕ್ಕಕ್ಕೆ ಬೀಳುವುದು. ರಾತ್ರಿ ಎದ್ದ ಅಜ್ಜಿ ಬಚ್ಚಲಿನ ಒದ್ದೆ ನೆಲದಲ್ಲಿ ಜಾರಿದರೂ ಸಾಕು. ಅಷ್ಟು ಸಣ್ಣ ಪೆಟ್ಟಿಗೂ ಮೂಳೆ ಮುರಿಯಲು ಮೂಲ ಕಾರಣ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಸವೆದು ದುರ್ಬಲವಾಗುವ ಸ್ಥಿತಿ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿದು ಮೂಳೆ ಬೇಗ ಸವೆಯುವುದರಿಂದ ಮಹಿಳೆಯರಿಗೆ ಅಪಾಯ ಹೆಚ್ಚು. ವಿಟಮಿನ್ ಡಿ ಕೊರತೆ, ದೀರ್ಘಕಾಲದ ಸ್ಟೀರಾಯ್ಡ್ ಸೇವನೆ, ಧೂಮಪಾನ, ಹಿಂದೊಮ್ಮೆ ಆದ ಮುರಿತವೂ ಅಪಾಯದ ಅಂಶಗಳಲ್ಲಿ ಸೇರುತ್ತವೆ. ಪರೀಕ್ಷೆಯಲ್ಲಿ ಉತ್ತರ ಬರೆಯುವಾಗ ಕಣ್ಣಿನ ಪೊರೆ ಮತ್ತು ನಿದ್ರೆಮಾತ್ರೆಯನ್ನು ಅಭ್ಯರ್ಥಿಗಳು ಬಿಟ್ಟುಬಿಡುವುದುಂಟು. ಇವು ಬೀಳುವ ಸಾಧ್ಯತೆಯನ್ನು ಹೆಚ್ಚಿಸುತ್ತವೆ.

ನೆನಪಿಡಿ: ವಿಶ್ವ ಆರೋಗ್ಯ ಸಂಸ್ಥೆಯ 1994ರ ಮಾನದಂಡದಂತೆ, ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್‌ನಲ್ಲಿ ಟಿ-ಸ್ಕೋರ್ -2.5 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಆಸ್ಟಿಯೊಪೊರೋಸಿಸ್. ವಿಶ್ವ ಆಸ್ಟಿಯೊಪೊರೋಸಿಸ್ ದಿನ ಅಕ್ಟೋಬರ್ 20.