ಟೊಮೆಟೊ ಕಾಂಡ ಹೂಳಿ, ಪಪ್ಪಾಯಿ ಬುಡ ಮುಚ್ಚಬೇಡಿ: ಸಸಿ ಎಷ್ಟು ಆಳಕ್ಕೆ ನೆಡಬೇಕು?

ಈ ವಿಡಿಯೊ ನೀವೂ ನೋಡಿರ್ತೀರಿ. ಯಾರೋ ಒಬ್ಬರು ಉದ್ದ ಬೆಳೆದ ಟೊಮೆಟೊ ಸಸಿಯ ಕೆಳಗಿನ ಎಲೆ ಕಿತ್ತು, ಕುತ್ತಿಗೆವರೆಗೆ ಮಣ್ಣಲ್ಲಿ ಹೂಳ್ತಾರೆ. ಆಮೇಲೆ ಗಿಡ ಅಗೆದು ತೋರಿಸಿದ್ರೆ ಕಾಂಡದ ತುಂಬ ಬಿಳಿ ಬೇರು. ಅದು ಸುಳ್ಳಲ್ಲ. ಆದರೆ ಅದನ್ನೇ ನೋಡ್ಕೊಂಡು ಪಪ್ಪಾಯಿಗೂ ಅಡಿಕೆಗೂ ಹಾಗೇ ಮಾಡಿದ್ರೆ ಸಸಿಗೆ ಕೊಟ್ಟ ದುಡ್ಡು ಮಣ್ಣುಪಾಲು.

ಟೊಮೆಟೊ ಕಾಂಡಕ್ಕೆ ಮಣ್ಣು ಮತ್ತು ತೇವ ತಾಗಿದರೆ ಅಲ್ಲೇ ಹೊಸ ಬೇರು ಒಡೆಯುತ್ತೆ. ಟ್ರೇ ಸಸಿ 25-30 ದಿನಕ್ಕೆ ನಾಟಿಗೆ ಬರುತ್ತೆ. ಮಳೆ ಬಂದಿಲ್ಲ, ಬೋರ್‌ವೆಲ್ ಕೈಕೊಟ್ಟಿದೆ ಅಂತ ಹತ್ತು ದಿನ ತಡವಾದರೆ ಸಸಿ ಕಡ್ಡಿ ಹಾಗೆ ಉದ್ದ ಆಗುತ್ತೆ. ಅಂಥ ಸಸಿಯನ್ನು ಎಸೆಯಬೇಡಿ. ನಾಟಿಗೆ ಎರಡು ಮೂರು ದಿನ ಮೊದಲೇ ಕೆಳಗಿನ ಎಲೆ ತೆಗೆದರೆ ಗಾಯ ಒಣಗಿರುತ್ತೆ. ಆಮೇಲೆ ಬೀಜದೆಲೆ ಇದ್ದ ಜಾಗದಿಂದ ಒಂದೆರಡು ಇಂಚು ಮೇಲಿನವರೆಗೆ ಹೂಳಬಹುದು.

ಹೊಸದುರ್ಗ, ಹೊಳಲ್ಕೆರೆ ಕಡೆಯ ಕೆಂಪು ಮಣ್ಣಿನಲ್ಲಿ ನೀರು ಬೇಗ ಬಸಿಯುತ್ತೆ, ನೆಟ್ಟಗೆ ಆಳಕ್ಕೆ ಇಟ್ಟರೂ ಚಿಂತೆಯಿಲ್ಲ. ಹಿರಿಯೂರಿನ ಕಪ್ಪು ಮಣ್ಣಿನ ಕಥೆ ಬೇರೆ. ವಾಣಿ ವಿಲಾಸ ಸಾಗರ 89 ವರ್ಷಗಳ ನಂತರ 2022ರಲ್ಲಿ ಕೋಡಿ ಬಿದ್ದದ್ದು ನೆನಪಿದೆಯಲ್ಲ? ನೀರು ಸಿಕ್ತು ಅಂತ ಎರೆಮಣ್ಣಿಗೆ ಧಾರಾಳವಾಗಿ ಹಾಯಿಸಿದರೆ ಕೆಳಗೆ ಗಾಳಿ ಆಡಲ್ಲ, ಹೂತ ಕಾಂಡ ಬೇರು ಬಿಡೋ ಮೊದಲೇ ಕೊಳೆಯುತ್ತೆ. ಇಲ್ಲಿ ಏರುಮಡಿ ಮಾಡಿ, ಎರಡು ಮೂರು ಇಂಚಿನ ಸಣ್ಣ ಕಾಲುವೆ ತೆಗೆದು, ಉದ್ದ ಸಸಿಯನ್ನು ಅದರಲ್ಲಿ ಓರೆಯಾಗಿ ಮಲಗಿಸಿ, ತುದಿ ಮಾತ್ರ ಮೇಲೆ ಬಿಡಿ. ಎರಡೇ ದಿನಕ್ಕೆ ತುದಿ ತಾನಾಗೇ ನೆಟ್ಟಗಾಗುತ್ತೆ. ಮಲ್ಚಿಂಗ್ ಶೀಟ್ ಹಾಕಿದ್ರೆ ಕಾಂಡ ಶೀಟಿಗೆ ತಾಗದ ಹಾಗೆ ರಂಧ್ರ ದೊಡ್ಡದಿರಲಿ, ಬಿಸಿಲಿಗೆ ಪ್ಲಾಸ್ಟಿಕ್ ಕಾದು ಕಾಂಡ ಸುಡುತ್ತೆ.

ಒಂದು ಮುಖ್ಯ ಮಾತು. ಕಸಿ ಮಾಡಿದ ಟೊಮೆಟೊ ಅಥವಾ ಬದನೆ ಸಸಿ ತಂದಿದ್ದರೆ ಈ ಉಪಾಯ ಬೇಡವೇ ಬೇಡ. ಕಸಿ ಗಂಟು ಮಣ್ಣಿನ ಮೇಲೇ ಇರಬೇಕು. ಗಂಟು ಹೂತರೆ ಮೇಲಿನ ಗಿಡವೇ ಬೇರು ಬಿಟ್ಟು ಮಣ್ಣಿನ ಸೊರಗು ರೋಗ ಹತ್ತಿಸಿಕೊಳ್ಳುತ್ತೆ. ಕಸಿಗೆ ಹೆಚ್ಚು ಬೆಲೆ ಕೊಟ್ಟಿದ್ದೇ ದಂಡ.

ಚೆಂಡು ಹೂವಿನ ಕಾಂಡವೂ ಸಲೀಸಾಗಿ ಬೇರು ಬಿಡುತ್ತೆ, ಸ್ವಲ್ಪ ಆಳವಾದರೆ ತೊಂದರೆಯಿಲ್ಲ. ಮೆಣಸಿನಕಾಯಿ, ದೊಣ್ಣೆ ಮೆಣಸು ಹಾಗಲ್ಲ. ಟ್ರೇನಲ್ಲಿ ಎಷ್ಟು ಆಳ ಇತ್ತೋ ಅಷ್ಟೇ, ಹೆಚ್ಚೆಂದರೆ ಅರ್ಧ ಇಂಚು. ಆದರೆ ಯಾವ ಟ್ರೇ ಸಸಿಯೇ ಆಗಲಿ, ಕೊಕೊಪೀಟ್ ಉಂಡೆ ಹೊರಗೆ ಕಾಣಬಾರದು. ಗಾಳಿಗೆ ಅದು ದೀಪದ ಬತ್ತಿಯಂತೆ ತೇವ ಎಳೆದು ಒಣಗುತ್ತೆ. ತೆಳ್ಳಗೆ ಮಣ್ಣು ಮುಚ್ಚಿ. ಚಿತ್ರದುರ್ಗದ ಈರುಳ್ಳಿಯವರು ಸಸಿ ನಾಟಿ ಮಾಡೋದಾದ್ರೆ ಒಂದು ಇಂಚು ಸಾಕು, ಆಳ ಹೋದರೆ ಗಡ್ಡೆ ಉದ್ದುದ್ದ ಆಗಿ ಆಕಾರ ಕೆಡುತ್ತೆ.

ಪಪ್ಪಾಯಿಯಲ್ಲಿ ಬೇರು ಮುಗಿದು ಕಾಂಡ ಶುರುವಾಗೋ ಜಾಗವೇ ಪ್ರಾಣ. ಅಲ್ಲಿ ಮಣ್ಣು ಏರಿ ನೀರು ನಿಂತರೆ ಪಿಥಿಯಂ ಶಿಲೀಂಧ್ರ ಹಿಡಿಯುತ್ತೆ. ಬುಡ ನೀರುನೀರಾಗಿ ಕಂದು ಬಣ್ಣಕ್ಕೆ ತಿರುಗಿ, ಎಲೆ ಹಳದಿಯಾಗಿ ಉದುರಿ, ಗಾಳಿ ಬಂದಾಗ ಗಿಡ ಮಗುಚಿ ಬೀಳುತ್ತೆ. ಚೀಲದಲ್ಲಿದ್ದ ಮಟ್ಟಕ್ಕೇ ನೆಡಿ, ಡ್ರಿಪ್ ಕಾಂಡದಿಂದ ಗೇಣು ದೂರ ಇರಲಿ. ದಾಳಿಂಬೆಗೂ ಇದೇ ಲೆಕ್ಕ.

ಅಡಿಕೆಯಲ್ಲಿ ಗೊಂದಲ ಆಗೋದು ಗುಂಡಿಯಿಂದ. ಗುಂಡಿ 90 ಸೆಂ.ಮೀ. ಆಳ ತೆಗೀತೀವಿ, ಆದರೆ ಸಸಿಯನ್ನು ಅಷ್ಟು ಆಳ ಹೂಳೋದಲ್ಲ. ಮೇಲ್ಮಣ್ಣು, ಗೊಬ್ಬರ ಸೇರಿಸಿ ತಳದಿಂದ 50-60 ಸೆಂ.ಮೀ. ತುಂಬಿ, ಸಸಿ ಇಟ್ಟು, ಬುಡದ ಮಟ್ಟಕ್ಕೆ ಮಣ್ಣು ಒತ್ತಿದರೆ ಮುಗೀತು. ಉಳಿದದ್ದು ಸಸಿ ಬೆಳೆದ ಹಾಗೆ ವರ್ಷ ವರ್ಷ ತುಂಬೋದು. ಹೊಳಲ್ಕೆರೆ ಕಡೆ ಜೋರು ಮಳೆಗೆ ಅಂಚಿನ ಕೆಂಪು ಮಣ್ಣು ಕೊಚ್ಚಿ ಗುಂಡಿಗೆ ಇಳಿದು ಸುಳಿ ಮುಚ್ಚುತ್ತೆ. ಮಳೆ ನಿಂತ ಮರುದಿನ ತೋಟ ಸುತ್ತಿ ಅದನ್ನು ಕೈಯಲ್ಲೇ ಬಿಡಿಸಿ.

ಹಸಿ ಗೊಬ್ಬರ ಬುಡಕ್ಕೆ ಹಾಕೋ ಅಭ್ಯಾಸವಂತೂ ಬಿಡಿ. ಶೇಂಗಾ ಬುಡದಲ್ಲಿ ಬಿಳಿ ನೂಲು, ಸಾಸಿವೆ ಕಾಳಿನಂಥ ಗುಂಡು ನೋಡಿದ್ದೀರಲ್ಲ, ಅದೇ ಸ್ಕ್ಲೆರೋಷಿಯಂ ಟೊಮೆಟೊಗೂ ಬರುತ್ತೆ. ಶೇಂಗಾ ಕಿತ್ತ ಹೊಲದಲ್ಲಿ ಆಳ ನಾಟಿ ಮಾಡೋದಾದ್ರೆ, 100 ಕೆ.ಜಿ. ಕಳಿತ ಗೊಬ್ಬರಕ್ಕೆ ಒಂದು ಕೆ.ಜಿ. ಟ್ರೈಕೋಡರ್ಮಾ ಬೆರೆಸಿ, ನೆರಳಲ್ಲಿ ತೇವ ಮಾಡಿ 10-15 ದಿನ ಇಟ್ಟು ಹಾಕಿ.

ಅನುಮಾನ ಇದ್ದರೆ ಇಡೀ ಎಕರೆಗೆ ಮಾಡಬೇಡಿ. ಒಂದು ಸಾಲಲ್ಲಿ ಹತ್ತು ಸಸಿ ಆಳಕ್ಕೆ, ಪಕ್ಕದ ಸಾಲಲ್ಲಿ ಹತ್ತು ಮಾಮೂಲಾಗಿ ನೆಟ್ಟು, ಹತ್ತನೇ ದಿನ ಎರಡು ಕಡೆಯಿಂದಲೂ ಒಂದೊಂದು ಅಗೆದು ನೋಡಿ. ಹೂತ ಕಾಂಡದಲ್ಲಿ ಬಿಳಿ ಬೇರು ಕಂಡರೆ ನಿಮ್ಮ ಮಣ್ಣು ಒಪ್ಪಿದೆ. ಕಂದು ಬಣ್ಣ, ಮೆತ್ತಗೆ, ವಾಸನೆ ಇದ್ದರೆ ನೀರು ಕಡಿಮೆ ಮಾಡಿ, ಆ ಸಸಿಯನ್ನು ಬುಡದ ಮಣ್ಣಿನ ಸಮೇತ ಹಿರಿಯೂರಿನ ಬಬ್ಬೂರು ಫಾರಂ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಿ. ಎಲೆಯ ಫೋಟೊ ವಾಟ್ಸಾಪ್ ಮಾಡಿದರೆ ಬುಡದ ರೋಗ ಗೊತ್ತಾಗಲ್ಲ.