ದೆವ್ವ ಹೊಕ್ಕ ಗೇಮಿನ ಕಥೆ: ಬಳ್ಳಾರಿ ಹುಡುಗರಿಗೆ ಹಂತ ಹಂತವಾಗಿ

ನಮ್ಮ ಓಣಿಯಲ್ಲಿ ಟಿವಿ ಗೇಮಿಗೆ ಸಿಕ್ಕಿಸುವುದನ್ನು ಯಾರೂ ಕಾರ್ಟ್ರಿಜ್ ಅನ್ನುತ್ತಿರಲಿಲ್ಲ. ಕ್ಯಾಸೆಟ್. ಹಳದಿ ಪ್ಲಾಸ್ಟಿಕ್ ಡಬ್ಬಿ, ಮೇಲೆ ಮೀಸೆ ಮಾರಿಯೋ, ಪಕ್ಕದಲ್ಲಿ ‘9999 ಇನ್ 1’ ಎಂಬ ಹಸಿ ಸುಳ್ಳು. ಕೂತು ಎಣಿಸಿದರೆ ಏಳೆಂಟು ಆಟ. ಮಿಕ್ಕಿದ್ದೆಲ್ಲ ಅವೇ ಆಟಗಳು, ಬೇರೆ ಹೆಸರು. ಬಳ್ಳಾರಿ ಧೂಳು ಕುಡಿದು ಕ್ಯಾಸೆಟ್ಟಿನ ತಾಮ್ರದ ಹಲ್ಲುಗಳು ಕಪ್ಪಾದವೆಂದರೆ ಟಿವಿಯಲ್ಲಿ ಮಾರಿಯೋನ ತಲೆ ಒಂದು ಕಡೆ, ಮೈ ಒಂದು ಕಡೆ. ತೆಗೆದು ಉಫ್ ಎಂದು ಊದಿ ಹಾಕಿದರೆ ಸರಿಹೋಗುತ್ತಿತ್ತು. ಒಂದು ಮಧ್ಯಾಹ್ನ ಎಷ್ಟು ಊದಿದರೂ ಸರಿಹೋಗಲಿಲ್ಲ. ಪಕ್ಕದ ಮನೆಯ ಅಣ್ಣ ಪರದೆಗೆ ಮುಖ ಹತ್ತಿರ ಒಯ್ದು, “ಇದರೊಳಗ ಯಾರೋ ಅದಾರಲೇ” ಅಂದ. ಅವತ್ತು ರಾತ್ರಿ ನಾನು ಟಿವಿಗೆ ಬೆನ್ನು ಕೊಟ್ಟು ಮಲಗಲಿಲ್ಲ.

ಆ ಒಂದು ಮಾತೇ ಕಥೆ. ಇಂಥವನ್ನು ಇಂಟರ್‌ನೆಟ್‌ನಲ್ಲಿ ಕ್ರೀಪಿಪಾಸ್ತಾ ಅನ್ನುತ್ತಾರೆ. ಕಾಪಿ-ಪೇಸ್ಟ್ ಮಾಡಿ ಹಂಚುವ ಹೆದರಿಕೆಯ ಕಥೆಗೆ ಹುಟ್ಟಿಕೊಂಡ ಹೆಸರು. ಹೆಸರು ಹೊಸದು, ಚಾಳಿ ಹಳೆಯದು. ‘ಈ ಪತ್ರವನ್ನು ಇನ್ನಷ್ಟು ಜನಕ್ಕೆ ಬರೆದು ಕಳಿಸದಿದ್ದರೆ ಕೆಡುಕಾದೀತು’ ಎಂದು ದೇವರ ಹೆಸರಿನಲ್ಲಿ ಬರುತ್ತಿದ್ದ ಕಾರ್ಡುಗಳನ್ನು ನಿಮ್ಮ ಮನೆಯ ಹಿರಿಯರು ಕಂಡಿರುತ್ತಾರೆ. 1990ರ ದಶಕದಲ್ಲಿ ಕರ್ನಾಟಕದ ಊರೂರಿನಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದದ್ದೂ ಇದೇ ಜಾತಿ. ರಾತ್ರಿ ಬಂದು ಮನೆಯವರ ದನಿಯಲ್ಲಿ ಕರೆಯುವ ದೆವ್ವ ಅದನ್ನು ಓದಿ ವಾಪಸ್ ಹೋಗುತ್ತದಂತೆ; ಮರುದಿನ ಬಂದರೆ ಮತ್ತೆ ‘ನಾಳೆ ಬಾ’. ಅಕ್ಷರ ಬಲ್ಲ ದೆವ್ವ! 2018ರಲ್ಲಿ ‘ಸ್ತ್ರೀ’ ಎಂಬ ಹಿಂದಿ ಸಿನಿಮಾ ಆ ಎಳೆಯನ್ನೇ ಎತ್ತಿಕೊಂಡು ದುಡ್ಡು ಮಾಡಿತು. ನಾವು ಗೋಡೆಗೆ ಬರೆದು ಸುಮ್ಮನಾದೆವು. ನೀವು ಸುಮ್ಮನಾಗಬೇಡಿ, ಇಂಥದೊಂದು ಗೇಮಿನ ಕಥೆ ನೀವೇ ಬರೆಯಿರಿ.

ಹಂತ 1: ಮೊದಲು ಓದಿ

ಮೂರು ಸಾಕು. 2010ರ ‘ಬೆನ್ ಡ್ರೌನ್ಡ್’: ಹಳೆ ಸಾಮಾನಿನ ಜೊತೆ ಕೊಂಡ ಜೆಲ್ಡಾ ಆಟದ ಕ್ಯಾಸೆಟ್ಟಿನಲ್ಲಿ ನೀರಲ್ಲಿ ಮುಳುಗಿ ಸತ್ತ ಹುಡುಗ. ಬರೆದವನು ಅಲೆಕ್ಸ್ ಹಾಲ್ ಎಂಬ ಅಮೆರಿಕದ ತರುಣ. ಅದೇ ವರ್ಷದ ಹೆರೋಬ್ರೈನ್: ಮೈನ್‌ಕ್ರಾಫ್ಟ್‌ನ ಮಂಜಿನಲ್ಲಿ ನಿಂತ ಬಿಳಿಗಣ್ಣಿನವನು. ಅವನು ಆಟದಲ್ಲಿ ಯಾವತ್ತೂ ಇರಲಿಲ್ಲ. ಆದರೆ ಆಟ ಮಾಡಿದವರೇ ತಮಾಷೆಗೆ ಅಪ್‌ಡೇಟ್ ಪಟ್ಟಿಯಲ್ಲಿ ‘ಹೆರೋಬ್ರೈನ್‌ನನ್ನು ತೆಗೆದುಹಾಕಿದ್ದೇವೆ’ ಎಂದು ಬರೆದರು. ಇಲ್ಲದವನನ್ನು ತೆಗೆದೆವು ಎಂದಮೇಲೆ ಇದ್ದನೆಂದೇ ಅಲ್ಲವೆ?

ಮೂರನೆಯದು ಲ್ಯಾವೆಂಡರ್ ಟೌನ್. 1996ರ ಪೋಕೆಮಾನ್ ಆಟದ ಒಂದು ರಾಗ ಕೇಳಿ ಜಪಾನಿನ ಮಕ್ಕಳು ಸತ್ತರು ಎಂಬ ಕಥೆ. ಪೂರಾ ಸುಳ್ಳು. ಆದರೆ 1997ರ ಡಿಸೆಂಬರ್ 16ರಂದು ಪೋಕೆಮಾನ್ ಟಿವಿ ಕಂತಿನಲ್ಲಿ ಕೆಂಪು-ನೀಲಿ ಬೆಳಕು ಪಟಪಟನೆ ಮಿನುಗಿ ಜಪಾನಿನಲ್ಲಿ 600ಕ್ಕೂ ಹೆಚ್ಚು ಮಕ್ಕಳು ಆಸ್ಪತ್ರೆ ಸೇರಿದ್ದು ನಿಜ. ಆ ನಿಜದ ನೆರಳಲ್ಲಿ ಈ ಸುಳ್ಳು ಬೆಳೆಯಿತು. ಮುಂದಿನ ಹಂತದ ಗುಟ್ಟು ಇದರಲ್ಲೇ ಇದೆ.

ಹಂತ 2: ನಿಜವಾದ ದೋಷ ಹುಡುಕಿ

ಹೊಸಬರು ಎಡವುವುದು ಇಲ್ಲೇ. ಪರದೆ ತುಂಬ ರಕ್ತ, ‘ನೀನು ಸಾಯುತ್ತೀ’ ಎಂಬ ಅಕ್ಷರ ತಂದು ಸುರಿಯುತ್ತಾರೆ. ಯಾರೂ ಹೆದರುವುದಿಲ್ಲ. ಯಂತ್ರ ನಿಜವಾಗಿ ಹೇಗೆ ಕೆಡುತ್ತದೋ ಹಾಗೇ ಕೆಡಬೇಕು, ಒಂದೇ ಒಂದು ಹೆಜ್ಜೆ ಹೆಚ್ಚಿಗೆ.

ನಾವೆಲ್ಲ ಆಡಿದ 1985ರ ಸೂಪರ್ ಮಾರಿಯೋ ಬ್ರದರ್ಸ್ ತೆಗೆದುಕೊಳ್ಳಿ. 1-2ನೇ ಹಂತದ ಕೊನೆಯಲ್ಲಿ, ಸರಿಯಾದ ಜಾಗದಲ್ಲಿ ಹಿಮ್ಮುಖವಾಗಿ ಹಾರಿದರೆ ಮಾರಿಯೋ ಗೋಡೆಯೊಳಗೆ ತೂರುತ್ತಾನೆ. ಅಲ್ಲಿನ ಪೈಪಿಗೆ ಇಳಿದರೆ ನೀರೊಳಗಿನ ಒಂದು ಲೋಕ. ಈಜಿ ಈಜಿ ಕೊನೆ ಮುಟ್ಟಿದರೆ ಮತ್ತೆ ಅದೇ ಮೊದಲು. ಸಮಯ ಮುಗಿದು ಸಾಯುವವರೆಗೆ ಹೊರದಾರಿ ಇಲ್ಲ. ಪರದೆಯ ಮೇಲೆ ‘ವರ್ಲ್ಡ್ -1’ ಎಂದಿರುತ್ತದೆ. ಆಟ ತಪ್ಪಿ 36ನೇ ಲೋಕಕ್ಕೆ ಹೋಗಿರುತ್ತದೆ, 36ನೇ ಚಿತ್ರ ಖಾಲಿ ಚೌಕ, ಹಾಗಾಗಿ ಅಂಕಿ ಕಾಣದೆ ಅಡ್ಡಗೆರೆ ಮತ್ತು 1 ಮಾತ್ರ ಉಳಿಯುತ್ತವೆ. ಕಾರಣ ಗೊತ್ತಿದ್ದೂ ನನಗೆ ಇವತ್ತಿಗೂ ಆ ನೀರು ಹಿತವಲ್ಲ.

ನೆಟ್ ಸೆಂಟರಿನಲ್ಲಿ ಗಂಟೆ ಲೆಕ್ಕದಲ್ಲಿ ಸ್ಯಾನ್ ಆಂಡ್ರಿಯಾಸ್ ಆಡಿದವರಿಗೆ ಕಾಡಿನಲ್ಲಿ ತಾವೇ ಉರುಳಿ ಬರುವ ಡ್ರೈವರ್ ಇಲ್ಲದ ಕಾರುಗಳು ನೆನಪಿರಬೇಕು. ಇಳಿಜಾರಿನಲ್ಲಿ ಹುಟ್ಟುವ ಕಾರು, ಉರುಳುತ್ತದೆ, ಅಷ್ಟೇ. 2004ರಿಂದ ಅದು ದೆವ್ವದ ಕಾರೇ ಆಗಿದೆ.

ಕ್ಯಾಸೆಟ್ ನೋಡದ ಈಗಿನ ಹುಡುಗರಿಗೆ ಪಬ್‌ಜಿ ಇದೆ. 2020ರ ಸೆಪ್ಟೆಂಬರ್ 2ರಂದು ನಿಷೇಧವಾಯಿತು, ಅಕ್ಟೋಬರ್ 30ಕ್ಕೆ ಭಾರತದವರಿಗೆ ಸೇವೆಯೂ ಬಂದ್. ಈಗ ಯೋಚಿಸಿ: ಅಕ್ಟೋಬರ್ 31ರ ರಾತ್ರಿ, ಡಿಲೀಟ್ ಮಾಡದ ಹಳೆ ಫೋನಿನಲ್ಲಿ ಆಟ ತೆರೆದುಕೊಳ್ಳುತ್ತದೆ. ಸ್ಕ್ವಾಡಿನಲ್ಲಿ ಇನ್ನೊಬ್ಬ ನಿಂತಿದ್ದಾನೆ. ಮೈಕ್ ಆನ್ ಇದೆ.

ಹಂತ 3: ಊರು ಗಟ್ಟಿ ಇರಲಿ

ಬಳ್ಳಾರಿ ಎಂದಕೂಡಲೇ ಎಲ್ಲರ ಕೈಯೂ ಕೋಟೆಗುಡ್ಡದ ಫ್ರೆಂಚ್ ಇಂಜಿನಿಯರನ ಕಡೆ ಹೋಗುತ್ತದೆ. ಎದುರಿನ ಕುಂಬಾರಗುಡ್ಡ ಕೋಟೆಗಿಂತ ಎತ್ತರ ಎಂದು ಗೊತ್ತಾಗಿ ಹೈದರಾಲಿ ಅವನನ್ನು ಗಲ್ಲಿಗೇರಿಸಿದ ಎನ್ನುವ ಕಥೆ ಊರಿಗೇ ಗೊತ್ತು. ದಯವಿಟ್ಟು ಅವನನ್ನು ಗೇಮಿನೊಳಗೆ ಎಳೆಯಬೇಡಿ, ಸಾಕಾಗಿದ್ದಾನೆ. ಅದರ ಬದಲು ಸಂಗನಕಲ್ಲಿಗೆ ಹೋಗಿ. ಅಲ್ಲಿನ ಹಿರೇಗುಡ್ಡದ ಕೆಲವು ಕರಿಬಂಡೆಗಳನ್ನು ಸಣ್ಣ ಕಲ್ಲಿನಿಂದ ಬಡಿದರೆ ಗಂಟೆಯಂತೆ ಠಣ್ ಅನ್ನುತ್ತವೆ. ನವಶಿಲಾಯುಗದವರು ಬಡಿದೂ ಬಡಿದೂ ಆದ ಗುಳಿಗಳೂ ಇವೆ. ಗೇಮಿನ ಸದ್ದಿಗೆ ಇದಕ್ಕಿಂತ ಬೇಕೆ?

ಸಿರುಗುಪ್ಪದಲ್ಲಿ ಕಥೆ ನಡೆದರೆ ನನ್ನ ಆಯ್ಕೆ ಲಿಪಿ. ಆಂಧ್ರದ ಗಡಿ, ಮನೆಯಲ್ಲಿ ಕನ್ನಡ, ತೆಲುಗು ಎರಡೂ ನುಡಿ. ಕೆಟ್ಟ ಕ್ಯಾಸೆಟ್ ಪರದೆಯ ಮೇಲೆ ಚೌಕಗಳನ್ನು ಕಲಸಿ ಅಕ್ಷರದಂತೆ ಕಾಣಿಸುತ್ತದೆ. ಹುಡುಗನಿಗೆ ಕನ್ನಡದ ಹಾಗೆ ಕಾಣುತ್ತದೆ, ಓದಲು ಬರುವುದಿಲ್ಲ. ಆದೋನಿಯಿಂದ ಬಂದ ಅಜ್ಜಿ ಬತ್ತ ಕೇರುತ್ತಾ ಕೂತವಳು ಮೊರ ಕೆಳಗಿಟ್ಟು, ಅದನ್ನು ತೆಲುಗಿನಲ್ಲಿ ಓದಿಬಿಡುತ್ತಾಳೆ. ಏನು ಓದಿದಳೆಂದು ಮಾತ್ರ ಹೇಳುವುದಿಲ್ಲ.

ಕುರುಗೋಡು ಕ್ಯಾಸೆಟ್ ಕೊಳ್ಳುವ ಜಾಗ. ದೊಡ್ಡಬಸವೇಶ್ವರನ ಜಾತ್ರೆಯ ಅಂಗಡಿ ಸಾಲು, ಬಳೆ, ಬೆಂಡು-ಬತ್ತಾಸಿನ ನಡುವೆ ಹಳೆ ಸಾಮಾನಿನ ಒಂದು ತಾಡಪಾಲು. ಮರುವರ್ಷ ಹುಡುಕಿದರೆ ಆ ಮಾರುವವನು ಸಿಗಬಾರದು. ಜಾತ್ರೆಯಲ್ಲಿ ಅದು ಸಹಜವೇ.

ಹಂತ 4: ಹೇಳುವವನ ಬಾಯಿ

ಪುಸ್ತಕದ ಕನ್ನಡ ಬೇಡ. ಹೀಗೆ:

“ಗೇಮ್ ಓವರ್ ಆದಮ್ಯಾಲೆ ಸೌಂಡ್ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಠಣ್ ಅಂತ ಒಂದಸಲ. ಆಮ್ಯಾಲೆ ಸುಮ್ನ. ಅಷ್ಟರಾಗ ಕರೆಂಟ್ ಹೋತು. ಟಿವಿ ಆರಿತು, ಫ್ಯಾನ್ ನಿಂತಿತು. ಕತ್ತಲದಾಗ ಮತ್ತ ಠಣ್. ಅಡಿಗಿಮನಿಯಿಂದ ಅಮ್ಮ ಕೂಗಿದ್ಲು, ‘ಆ ಗೇಮ್ ಬಂದ್ ಮಾಡಲೇ, ಎಷ್ಟೊತ್ತಾತು.’”

ಇಲ್ಲಿ ದೆವ್ವ ಎಂಬ ಪದವಿಲ್ಲ. ಅಮ್ಮನಿಗೂ ಕೇಳಿಸಿತು ಎಂದೂ ನಾನು ಹೇಳಿಲ್ಲ. ಒಂದು ವಾಕ್ಯ ಹೆಚ್ಚು ಬರೆದಿದ್ದರೆ ಕೆಡುತ್ತಿತ್ತು.

ಹಂತ 5: ನಿಜದವರ ಹೆಸರು ಬೇಡ

ಯಾವ ಶಾಲೆ, ಯಾವ ಠಾಣೆ, ಸತ್ತ ಯಾವ ಹುಡುಗನ ಹೆಸರೂ ಬೇಡ. 2017ರಲ್ಲಿ ಆಡಿದ ಮಕ್ಕಳನ್ನು ಸಾವಿಗೆ ದೂಡುತ್ತದೆಂಬ ‘ಬ್ಲೂ ವೇಲ್’ ಆಟದ ಗಲಾಟೆ ಎಷ್ಟಿತ್ತೆಂದರೆ ಕೇಂದ್ರ ಸರ್ಕಾರ ಗೂಗಲ್, ಫೇಸ್‌ಬುಕ್, ವಾಟ್ಸ್‌ಆ್ಯಪ್‌ಗಳಿಗೆ ಅದರ ಕೊಂಡಿಗಳನ್ನು ಕಿತ್ತುಹಾಕಲು ಹೇಳಿತು. ತನಿಖೆಯಲ್ಲಿ ಒಂದು ಸಾವಿಗೂ ಆ ಆಟದ ನಂಟು ಸಾಬೀತಾಗಲಿಲ್ಲ ಎಂದು 2018ರ ಜನವರಿಯಲ್ಲಿ ಲೋಕಸಭೆಗೆ ತಿಳಿಸಿತು. ಅದೇ ವರ್ಷದ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟವರನ್ನು ಮಕ್ಕಳ ಕಳ್ಳರೆಂದು ಬಗೆದು ಜನ ಹೊಡೆದರು, ಹೈದರಾಬಾದಿನ ಇಂಜಿನಿಯರ್ ಒಬ್ಬ ಸತ್ತ. ಅದು ವಾಟ್ಸ್‌ಆ್ಯಪ್‌ನಲ್ಲಿ ಕಾಪಿ-ಪೇಸ್ಟ್ ಆದ ಕಥೆಯೇ. ಹಾಗಾಗಿ ನಿಮ್ಮ ಕಥೆಯ ತಲೆಯ ಮೇಲೆ ‘ಕಥೆ’ ಎಂದು, ಕೆಳಗೆ ನಿಮ್ಮ ಹೆಸರನ್ನು ಬರೆಯಿರಿ. ‘ಹತ್ತು ಜನಕ್ಕೆ ಕಳಿಸಿ’ ಎಂಬ ಸಾಲನ್ನು ತಮಾಷೆಗೂ ಸೇರಿಸಬೇಡಿ.

ಹಂತ 6: ಓದಿ ಹೇಳಿ

ಸಂಜೆ ಒಗ್ಗಾಣಿ-ಮಿರ್ಚಿ ತಿನ್ನುತ್ತಾ ಕೂತ ಗೆಳೆಯರಿಗೆ ಓದಬೇಡಿ, ನಗುತ್ತಾರೆ. ಮನೆಯಲ್ಲಿ ಹದಿಮೂರು ಹದಿನಾಲ್ಕರ ಯಾರಾದರೂ ಇದ್ದರೆ ಅವರಿಗೆ ಓದಿ; ಸಣ್ಣ ಮಕ್ಕಳಿಗೆ ಬೇಡ. ಮುಗಿದ ಮೇಲೆ “ನಿಜಾನಾ?” ಅಂದರೆ ಕಥೆ ಅರ್ಧ ಬೆಂದಿದೆ, ಎರಡನೇ ಹಂತಕ್ಕೆ ವಾಪಸ್ ಹೋಗಿ. “ಆ ಕ್ಯಾಸೆಟ್ ಈಗ ಎಲ್ಲೈತಿ?” ಎಂದು ಕೇಳಿದರೆ ಇನ್ನು ತಿದ್ದಬೇಡಿ.