ಶುಗರ್ ಮಾತ್ರೆಯಿಂದ ಕಿಡ್ನಿ ಹೋಗುತ್ತಾ? ಸಂಶೋಧನೆ ನೋಡಿ ಉತ್ತರ ಹೇಳುವ ಬಗೆ

“ಈ ಶುಗರ್ ಮಾತ್ರೆ ತಿಂದ್ರೆ ಕಿಡ್ನಿ ಹೋಗುತ್ತಂತೆ, ಹೌದಾ?” ಸಕ್ಕರೆ ಕಾಯಿಲೆ ಹೊಕ್ಕ ಮನೆಯಲ್ಲಿ ಈ ಪ್ರಶ್ನೆ ಏಳದೆ ಇರುವುದಿಲ್ಲ. ಐಸಿಎಂಆರ್ ಸಮೀಕ್ಷೆ 2023ರಲ್ಲಿ ಕೊಟ್ಟ ಅಂದಾಜಿನಂತೆ ದೇಶದಲ್ಲಿ ಮಧುಮೇಹಿಗಳು 10.1 ಕೋಟಿ. ವೈದ್ಯರ ಬಳಿ ಒಬ್ಬೊಬ್ಬರಿಗೆ ಸಿಗುವುದು ಕೆಲವೇ ನಿಮಿಷ. ಹಾಗಾಗಿ ಪ್ರಶ್ನೆ ಬಂದು ನಿಲ್ಲುವುದು ನರ್ಸ್, ಆಶಾ ಕಾರ್ಯಕರ್ತೆ, ಔಷಧಿ ಅಂಗಡಿಯವರು, ಇಲ್ಲವೇ ಮನೆಯಲ್ಲಿ ಓದಿದ ಮಗಳ ಮುಂದೆ. ಈ ಬರಹ ಅವರಿಗಾಗಿ. ಹೆದರಿ ಮಾತ್ರೆ ಬಿಟ್ಟರೆ ಸಕ್ಕರೆ ಏರುತ್ತದೆ, ಏರಿದ ಸಕ್ಕರೆಯೇ ಕಿಡ್ನಿಯನ್ನು ತಿನ್ನುತ್ತದೆ. ಆದ್ದರಿಂದ “ಹಾಗೇನಿಲ್ಲ ಬಿಡಿ” ಎಂದು ಸಾಗಹಾಕುವ ಪ್ರಶ್ನೆ ಇದಲ್ಲ.

ಹಂತ 1: ಹುಡುಕಲು ಕೂರಬಾರದ ಪ್ರಶ್ನೆಗಳು

ಎದೆನೋವು, ಉಸಿರಾಟದ ತೊಂದರೆ, ಮಂಪರು, ಕಪ್ಪಾಗುತ್ತಿರುವ ಕಾಲಿನ ಗಾಯ ಇದ್ದರೆ ನೇರ ಆಸ್ಪತ್ರೆಗೆ. ಸಕ್ಕರೆ 70ಕ್ಕಿಂತ ಕೆಳಗಿಳಿದು ಬೆವರುತ್ತಿದ್ದಾರೆ, ಆದರೆ ಎಚ್ಚರವಾಗಿದ್ದಾರೆ ಎಂದಾದರೆ ಮೊದಲು ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಿ. ಓದುವುದೆಲ್ಲ ಆಮೇಲೆ.

ಹಂತ 2: ಪ್ರಶ್ನೆಯನ್ನು ಬಿಡಿಸಿ

“ಶುಗರ್ ಮಾತ್ರೆ” ಎಂದರೆ ಯಾವುದು? ಚೀಟಿ ತರಿಸಿ, ಹೆಸರು ಓದಿ. ಬ್ರ್ಯಾಂಡ್ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಮೆಟ್‌ಫಾರ್ಮಿನ್ ಎಂದಿದೆ ಎಂದುಕೊಳ್ಳೋಣ. ಈಗ ನಾಲ್ಕು ಸಂಗತಿ ಬರೆದುಕೊಳ್ಳಿ: ಯಾರಿಗೆ, ಯಾವ ಔಷಧ, ಯಾವುದಕ್ಕೆ ಹೋಲಿಸಿ, ಯಾವ ಪರಿಣಾಮ. “ಟೈಪ್ 2 ಮಧುಮೇಹವಿರುವ, ಸದ್ಯ ಕಿಡ್ನಿ ಚೆನ್ನಾಗಿರುವ ವ್ಯಕ್ತಿಗೆ, ಮೆಟ್‌ಫಾರ್ಮಿನ್ ತೆಗೆದುಕೊಳ್ಳದವರಿಗಿಂತ ತೆಗೆದುಕೊಂಡರೆ ಕಿಡ್ನಿಗೆ ಹಾನಿ ಹೆಚ್ಚೇ?” ಹೀಗೆ ಕೇಳಿದರೆ ಮಾತ್ರ ಉತ್ತರ ಸಿಗುವ ದಾರಿ ಕಾಣುತ್ತದೆ. ಕೇಳಿದವರ ವಯಸ್ಸು, ಎಷ್ಟು ವರ್ಷದ ಕಾಯಿಲೆ, ಕಿಡ್ನಿಯ ಸ್ಥಿತಿ ತೋರುವ ಇತ್ತೀಚಿನ ಕ್ರಿಯಾಟಿನಿನ್ ರಿಪೋರ್ಟ್ ಕೂಡ ಕೇಳಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಂತ 3: ಎಲ್ಲಿ ಹುಡುಕಬೇಕು

ಎರಡು ಬಾಗಿಲು ಸಾಕು. ಮೊದಲನೆಯದು ಕೊಕ್ರೇನ್. 1993ರಲ್ಲಿ ಶುರುವಾದ ಈ ಸಂಸ್ಥೆ ಒಂದು ಪ್ರಶ್ನೆಯ ಬಗ್ಗೆ ನಡೆದ ಪ್ರಯೋಗಗಳನ್ನೆಲ್ಲ ಹುಡುಕಿ, ಸೋಸಿ, ಒಟ್ಟು ತೀರ್ಮಾನ ಕೊಡುತ್ತದೆ. ಅದರ ಸರಳ ಸಾರಾಂಶಗಳನ್ನು ಯಾರು ಬೇಕಾದರೂ ಹಣ ಕೊಡದೆ ಓದಬಹುದು. ಎರಡನೆಯದು ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ನಡೆಸುವ ಪಬ್‌ಮೆಡ್. ಇಲ್ಲಿ ಔಷಧದ ಹೆಸರು ಮತ್ತು ತೊಂದರೆಯ ಹೆಸರನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಪಕ್ಕದ ಪಟ್ಟಿಯಲ್ಲಿ ‘ಸಿಸ್ಟಮ್ಯಾಟಿಕ್ ರಿವ್ಯೂ’ ಆಯ್ದುಕೊಳ್ಳಿ. ಪೂರ್ತಿ ಲೇಖನ ಬೇಕಿದ್ದರೆ ‘ಫ್ರೀ ಫುಲ್ ಟೆಕ್ಸ್ಟ್’ ಒತ್ತಿ. ಶೀರ್ಷಿಕೆಯಲ್ಲಿ ಇಲಿ ಎಂದೋ ಜೀವಕೋಶ ಎಂದೋ ಕಂಡರೆ ಮುಂದೆ ಹೋಗಿ. ‘ರಿಟ್ರಾಕ್ಟೆಡ್’ ಎಂಬ ಗುರುತಿದ್ದರೆ ಆ ಲೇಖನವನ್ನು ವಾಪಸ್ ಪಡೆದಿದ್ದಾರೆ ಎಂದರ್ಥ, ಅದನ್ನು ಮುಟ್ಟಬೇಡಿ.

ಹಂತ 4: ಓದುವುದು

ಇಲ್ಲಿ ಅವಸರ ಬೇಡ. ಯಾರ ಮೇಲೆ, ಎಷ್ಟು ಜನರ ಮೇಲೆ, ಎಷ್ಟು ಕಾಲ ಎಂಬ ಮೂರನ್ನು ಗುರುತು ಹಾಕಿಕೊಂಡೇ ಮುಂದುವರಿಯಿರಿ.

ಮೆಟ್‌ಫಾರ್ಮಿನ್ ಬಗ್ಗೆ ಹೀಗೆ ಹುಡುಕಿದಾಗ ಹೆದರಿಕೆಯ ಒಂದು ಬೇರು ಮೊದಲು ಸಿಗುತ್ತದೆ. ಅದೇ ಗುಂಪಿನ ಫೆನ್‌ಫಾರ್ಮಿನ್ ಎಂಬ ಔಷಧದಿಂದ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಅಪಾಯದ ಮಟ್ಟಕ್ಕೆ ಏರುತ್ತಿತ್ತು. 1970ರ ದಶಕದಲ್ಲಿ ಅಮೆರಿಕ ಅದನ್ನು ನಿಲ್ಲಿಸಿತು. ಆ ಅನುಮಾನ ಮೆಟ್‌ಫಾರ್ಮಿನ್‌ಗೂ ಅಂಟಿತು. 2010ರ ಕೊಕ್ರೇನ್ ವಿಮರ್ಶೆ 347 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿತು. ಮೆಟ್‌ಫಾರ್ಮಿನ್ ತೆಗೆದುಕೊಂಡವರ ಕಾಲವನ್ನೆಲ್ಲ ಕೂಡಿದರೆ 70,490 ವರ್ಷ. ಅಷ್ಟರಲ್ಲಿ ಲ್ಯಾಕ್ಟಿಕ್ ಆಮ್ಲದ ಆ ತೊಂದರೆಯ ಒಂದು ಪ್ರಕರಣವೂ ಸಿಗಲಿಲ್ಲ.

ಹಾಗಾದರೆ ಕಿಡ್ನಿ ಕೆಟ್ಟಾಗ ವೈದ್ಯರು ಈ ಮಾತ್ರೆಯನ್ನೇಕೆ ನಿಲ್ಲಿಸುತ್ತಾರೆ? ಈ ಔಷಧ ದೇಹದಿಂದ ಹೊರಹೋಗುವುದು ಕಿಡ್ನಿಯ ಮೂಲಕ. ಕಿಡ್ನಿ ಸೋತಾಗ ಅದು ಒಳಗೇ ಉಳಿದು ಹೆಚ್ಚಾಗುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಹೇಳಿದ್ದು ಇಷ್ಟು: ಕಿಡ್ನಿಯ ಸೋಸುವ ಶಕ್ತಿ ತೋರುವ ಇಜಿಎಫ್‌ಆರ್ 30ಕ್ಕಿಂತ ಕೆಳಗಿದ್ದರೆ ಈ ಮಾತ್ರೆ ಬೇಡ, 30ರಿಂದ 45ರ ನಡುವೆ ಇದ್ದರೆ ಹೊಸದಾಗಿ ಶುರುಮಾಡುವುದು ಬೇಡ. ಕಿಡ್ನಿ ಸೋತದ್ದರಿಂದ ಮಾತ್ರೆ ನಿಂತಿತು. ನೋಡಿದವರು ಮಾತ್ರೆಯಿಂದ ಕಿಡ್ನಿ ಸೋತಿತು ಎಂದುಕೊಂಡರು. ನನ್ನ ಅನಿಸಿಕೆಯಲ್ಲಿ ಕಿಡ್ನಿ ಹೋಗುತ್ತದೆ ಎಂಬ ಭಯದ ಬಹುಪಾಲು ಹುಟ್ಟಿದ್ದು ಇಲ್ಲೇ.

ಓದುವಾಗ, ಕೇಳದೇ ಇದ್ದ ತೊಂದರೆಯೊಂದು ಎದುರಾಗಬಹುದು. ಅದನ್ನು ಮುಚ್ಚಿಡಬೇಡಿ. ನೆದರ್ಲೆಂಡ್ಸ್‌ನಲ್ಲಿ ಇನ್ಸುಲಿನ್ ಪಡೆಯುತ್ತಿದ್ದ 390 ರೋಗಿಗಳ ಮೇಲೆ ನಾಲ್ಕು ವರ್ಷಕ್ಕೂ ಮೀರಿ ನಡೆದ, 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮೆಟ್‌ಫಾರ್ಮಿನ್ ಪಡೆದವರ ಬಿ12 ಮಟ್ಟ ಶೇ. 19ರಷ್ಟು ಇಳಿಯಿತು. ಮಾಂಸ, ಮೊಟ್ಟೆ ತಿನ್ನದ ನಮ್ಮ ಮನೆಗಳಿಗೆ ಇದು ಮುಖ್ಯ. ಕಾಲು ಜೋಮು ಹಿಡಿದರೆ ಸಕ್ಕರೆಯಿಂದಲೇ ಎಂದು ಸುಮ್ಮನಾಗದೆ ಬಿ12 ಪರೀಕ್ಷೆ ಕೇಳಬೇಕು.

ಹಂತ 5: ಸಾಕ್ಷ್ಯ ಸಾಲದಿದ್ದರೆ ಹಾಗೆಂದೇ ಹೇಳಿ

ಹಾಗಲಕಾಯಿ ರಸದ ಬಗ್ಗೆ ಕೇಳುತ್ತಾರೆ. 2012ರ ಕೊಕ್ರೇನ್ ವಿಮರ್ಶೆಗೆ ಸಿಕ್ಕಿದ್ದು ನಾಲ್ಕೇ ಪ್ರಯೋಗ, 479 ಜನ, ಹೆಚ್ಚೆಂದರೆ ಮೂರು ತಿಂಗಳು. ಶಿಫಾರಸು ಮಾಡಲು ಅಷ್ಟು ಸಾಲದು ಎಂದಿತು. ಪಲ್ಯ ತಿನ್ನಲಿ, ಮಾತ್ರೆಯ ಬದಲು ಬೇಡ ಎಂದರೆ ಸಾಕು.

ಹಂತ 6: ಅಂಕಿಯನ್ನು ಜನರಾಗಿ ಬದಲಿಸಿ

“ನಡೆದರೆ ನಿಜವಾಗಿ ಪ್ರಯೋಜನವಿದೆಯಾ?” 2006ರಲ್ಲಿ ಪ್ರಕಟವಾದ ಚೆನ್ನೈನ ಅಧ್ಯಯನ, ಊಟ ಮತ್ತು ನಡಿಗೆ ಸರಿಪಡಿಸಿಕೊಂಡವರಲ್ಲಿ ಅಪಾಯ ಶೇ. 28.5 ತಗ್ಗಿತು ಎಂದಿತು. ಹೀಗೆ ಹೇಳಿದರೆ ಯಾರಿಗೂ ಏನೂ ತಲುಪುವುದಿಲ್ಲ. ಮೂರು ವರ್ಷದಲ್ಲಿ, ಸುಮ್ಮನಿದ್ದ 100 ಜನರಲ್ಲಿ 55 ಮಂದಿಗೆ ಸಕ್ಕರೆ ಕಾಯಿಲೆ ಬಂತು. ಅಭ್ಯಾಸ ಬದಲಿಸಿದವರಲ್ಲಿ 39 ಮಂದಿಗೆ ಎನ್ನಿ. ಆದರೆ ಹಂತ 2ರ ಟಿಪ್ಪಣಿ ನೋಡಿ: ಆ ಅಧ್ಯಯನ ನಡೆದದ್ದು ಇನ್ನೂ ಮಧುಮೇಹ ಬಾರದ, ಅದರ ಅಂಚಿನಲ್ಲಿದ್ದ 531 ಭಾರತೀಯರ ಮೇಲೆ. ಹತ್ತು ವರ್ಷದಿಂದ ಇನ್ಸುಲಿನ್ ಚುಚ್ಚಿಕೊಳ್ಳುತ್ತಿರುವ ಅಜ್ಜನಿಗೆ ಈ ಲೆಕ್ಕ ಒಪ್ಪಿಸಬಾರದು. ಅವನ ಮಗನಿಗೆ ಹೇಳಬಹುದು.

ಹಂತ 7: ಹೇಳುವುದು

ನಾಲ್ಕು ವಾಕ್ಯ ಸಾಕು, ಅವರ ಮಾತಿನಲ್ಲೇ. “ಈ ಮಾತ್ರೆ ಚೆನ್ನಾಗಿರುವ ಕಿಡ್ನಿಯನ್ನು ಹಾಳುಮಾಡುತ್ತದೆ ಅನ್ನೋದಕ್ಕೆ ಆಧಾರ ಸಿಗಲಿಲ್ಲ. ಸಕ್ಕರೆ ಹಿಡಿತ ತಪ್ಪಿದರೆ ಕಿಡ್ನಿ ಹಾಳಾಗಬಹುದು. ಕಿಡ್ನಿ ಮೊದಲೇ ಸೋತಿದ್ದರೆ ಡಾಕ್ಟ್ರು ಕಡಿಮೆ ಮಾಡ್ತಾರೆ, ಇಲ್ಲ ನಿಲ್ಲಿಸ್ತಾರೆ. ನೀವಾಗಿ ಬಿಡಬೇಡಿ.” ಪ್ರಮಾಣ ಬದಲಿಸುವ ಮಾತು ನಿಮ್ಮ ಬಾಯಿಂದ ಬರಕೂಡದು, ಎಷ್ಟೇ ಓದಿದ್ದರೂ.

ಆಮೇಲೆ ಒಂದು ಚೀಟಿಯಲ್ಲಿ ವೈದ್ಯರಿಗೆ ಕೇಳಬೇಕಾದ್ದನ್ನು ಬರೆದುಕೊಡಿ: ಈ ವರ್ಷದ ಇಜಿಎಫ್‌ಆರ್ ಎಷ್ಟು, ಬಿ12 ನೋಡಬೇಕೇ, ಈಗಿನ ಪ್ರಮಾಣ ಸರಿಯೇ. ಓದಿದ ಲೇಖನದ ವರ್ಷ ಮತ್ತು ಹುಡುಕಿದ ದಿನಾಂಕವನ್ನು ನಿಮ್ಮ ಪುಸ್ತಕದಲ್ಲಿಟ್ಟುಕೊಳ್ಳಿ. ಮುಂದಿನ ರಿಪೋರ್ಟಿನಲ್ಲಿ ಇಜಿಎಫ್‌ಆರ್ 45ಕ್ಕಿಂತ ಕೆಳಗಿಳಿದಿದ್ದರೆ ನೀವು ಕೊಟ್ಟ ಉತ್ತರವೂ ಬದಲಾಗುತ್ತದೆ. ತಡಮಾಡದೆ ಅದನ್ನು ವೈದ್ಯರಿಗೆ ತೋರಿಸಲು ಹೇಳಿ.